ಡ್ರೈನ್ ಪೈಪಿನೊಂದಿಗೆ ಮನೆಗೆ ಬಂದ ಅತ್ತೆಯವರು: ಶಸ್ತ್ರಚಿಕಿತ್ಸೆಯ ಗಾಯವನ್ನು ನೋಡಿಕೊಂಡ ಅನುಭವ

ನಮ್ಮ ಅತ್ತೆಯವರಿಗೆ ಎಡ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ನಡೆದು, ಗಾಯ ಒಣಗಿ, ಇನ್ನು ಕಿಮೋಥೆರಪಿ ಆರಂಭಿಸಬಹುದೆಂದು ವೈದ್ಯರು ಈ ವಾರ ಬರೆದುಕೊಟ್ಟಿದ್ದಾರೆ. ಶಸ್ತ್ರಚಿಕಿತ್ಸೆಯ ಬಗ್ಗೆ ನಮಗೆ ಬೇಕಾದಷ್ಟು ಜನ ಧೈರ್ಯ ಹೇಳಿದ್ದರು, ಕಿಮೋಥೆರಪಿಯ ಬಗ್ಗೆ ಹೆದರಿಸಿದವರೂ ಬಹಳ ಮಂದಿ ಇದ್ದರು. ಆದರೆ ಇವೆರಡರ ನಡುವೆ ಗಾಯದೊಳಗಿಂದ ದ್ರವ ಡ್ರೈನ್ ಎಂಬ ಪೈಪಿನ ಮೂಲಕ ಹೊರಗೆ ಹರಿಯುವ ಒಂದು ಕಾಲವಿದೆ, ಆ ಕಾಲವನ್ನು ಮನೆಯವರೇ ಕೈಯಾರೆ ನಿಭಾಯಿಸಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಗಾಯದಲ್ಲಿ ದ್ರವ ನಿಂತು ಸೋಂಕಾದರೆ ಕಿಮೋಥೆರಪಿ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಈ ಅವಧಿ ಸಣ್ಣದೆಂದು ಕಂಡರೂ ಸಣ್ಣದಲ್ಲ. ಇಂಥದೇ ಪೈಪು ಹಿಡಿದುಕೊಂಡು ಆಸ್ಪತ್ರೆಯಿಂದ ಮನೆಗೆ ಹೊರಟಿರುವವರಿಗೆ ನೆರವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರಗಳ ಮಾತು. ನಾವು ಹಾವೇರಿಯವರು, ಶಸ್ತ್ರಚಿಕಿತ್ಸೆ ಆದದ್ದು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಅತ್ತೆಯವರ ಹೆಸರು ಬಿಪಿಎಲ್ ಕಾರ್ಡಿನಲ್ಲಿ ಇದ್ದುದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ದೊರೆಯಿತು. ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಎಪಿಎಲ್ ಕುಟುಂಬದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ನಮ್ಮ ಪತ್ರ ಬೇಗನೆ ಸಿಕ್ಕಿತಾದರೂ ಆಧಾರ್ ಕಾರ್ಡಿನಲ್ಲಿ ಒಂದು ರೀತಿ, ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇದ್ದ ಅತ್ತೆಯವರ ಹೆಸರನ್ನು ಸರಿಪಡಿಸುವುದಕ್ಕೇ ಹೆಚ್ಚು ಅಲೆದಾಟವಾಯಿತು. ರೋಗ ಪತ್ತೆಯಾದ ದಿನವೇ ಈ ಎರಡು ಕಾರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ ನೋಡಿ ಎಂಬುದು ನನ್ನ ಕಳಕಳಿಯ ಮನವಿ. ಯೋಜನೆಗೆ ಸೇರುವ ಮೊದಲೇ ಮಾಡಿಸಿದ ಬಯಾಪ್ಸಿ ಮತ್ತು ಅದರ ಮೇಲಿನ ಹಾರ್ಮೋನ್ ಪರೀಕ್ಷೆಗಳ ಖರ್ಚು ನಮ್ಮ ಕೈಯಿಂದಲೇ ಹೋಯಿತು.

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಅರಿವಳಿಕೆ ವೈದ್ಯರು ವಾರ್ಡಿಗೆ ಬಂದು ಅತ್ತೆಯವರನ್ನು ಮತ್ತೊಮ್ಮೆ ತೂಕ ಮಾಡಿಸಿದರು. ದಾಖಲಾಗುವಾಗಲೇ ತೂಕ ನೋಡಿದ್ದರಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ಕುಳಿತುಕೊಂಡು ವಿವರಿಸಿದರು. ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದ ಮೇಲೆ ಚರ್ಮದ ಕೆಳಗೆ ದೊಡ್ಡ ಪೊಳ್ಳು ಜಾಗ ಉಳಿಯುತ್ತದೆ. ಅಲ್ಲಿ ರಕ್ತ ಮತ್ತು ದುಗ್ಧರಸ ಸೇರಿಕೊಳ್ಳದಂತೆ ಎರಡು ಪೈಪುಗಳನ್ನು ಇಡುತ್ತಾರೆ, ಒಂದು ಎದೆಯ ಚರ್ಮದ ಕೆಳಗೆ, ಇನ್ನೊಂದು ಕಂಕುಳಲ್ಲಿ. ಹೊಲಿಗೆ ಮುಗಿದ ಕೂಡಲೇ, ಅತ್ತೆಯವರಿಗೆ ಎಚ್ಚರವಾಗುವ ಮೊದಲೇ, ಆ ಪೈಪುಗಳ ಮೂಲಕ ಬ್ಯುಪಿವಕೇನ್ ಎಂಬ ಮರಗಟ್ಟಿಸುವ ಔಷಧವನ್ನು ನೇರವಾಗಿ ಗಾಯದೊಳಕ್ಕೆ ಬಿಡುವುದಾಗಿಯೂ, ಅದರ ಪ್ರಮಾಣ ರೋಗಿಯ ತೂಕವನ್ನು ಅವಲಂಬಿಸಿರುವುದರಿಂದ ಅಂದಾಜಿನ ಮೇಲೆ ಕೊಡಲಾಗದೆಂದೂ ಹೇಳಿದರು. ದ್ರವ ಹೊರಗೆ ಬರಬೇಕಾದ ದಾರಿಯಲ್ಲಿಯೇ ಔಷಧ ಒಳಗೆ ಹೋಗುತ್ತದೆಂದು ತಿಳಿದು ನನಗೆ ಗಾಬರಿಯಾಯಿತು. ಗಾಯ ಇನ್ನೂ ಶುಚಿಯಾಗಿರುವಾಗ, ಕ್ರಿಮಿರಹಿತ ವ್ಯವಸ್ಥೆಯಲ್ಲಿ ಮಾತ್ರ ಹೀಗೆ ಮಾಡುತ್ತಾರೆ, ಇದರಿಂದ ಮೊದಲ ಕೆಲವು ಗಂಟೆಗಳಲ್ಲಿ ನೋವಿನ ಇಂಜೆಕ್ಷನ್ನುಗಳು ಕಡಿಮೆ ಸಾಕಾಗುತ್ತವೆ, ವಯಸ್ಸಾದವರಿಗೆ ವಾಂತಿ ಮತ್ತು ಮಂಪರು ಕಡಿಮೆಯಾಗುತ್ತದೆ ಎಂದು ಅವರು ಸಮಾಧಾನಪಡಿಸಿದರು. ಎಲ್ಲ ಆಸ್ಪತ್ರೆಗಳಲ್ಲೂ ಈ ಪದ್ಧತಿ ಇಲ್ಲ. ನಿಮ್ಮಲ್ಲಿ ಇದೆಯೇ ಎಂದು ಅರಿವಳಿಕೆ ವೈದ್ಯರನ್ನೇ ಕೇಳಬೇಕು. ಮರಗಟ್ಟಿಸುವ ಔಷಧದಿಂದ ಹಿಂದೆ ಎಂದಾದರೂ ತೊಂದರೆಯಾಗಿದ್ದರೆ, ಅಥವಾ ಹೃದಯದ ಬಡಿತದ ಸಮಸ್ಯೆ ಇದ್ದರೆ, ಅದನ್ನು ತಿಳಿಸಬೇಕಾದ ಸಮಯವೂ ಅದೇ.

ಮರುದಿನ ಹೊರಗೆ ಕಾಯುತ್ತ ಕುಳಿತ ಗಂಟೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆ ಬೆಂಚುಗಳ ಮೇಲೆ ಕುಳಿತವರಿಗೆ ಅದು ಗೊತ್ತೇ ಇದೆ. ಅತ್ತೆಯವರನ್ನು ವಾರ್ಡಿಗೆ ತಂದಾಗ ಅವರ ಎಡಗಡೆ ಎರಡು ಪ್ಲಾಸ್ಟಿಕ್ ಡಬ್ಬಿಗಳು ಇದ್ದವು, ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಒತ್ತಿಕೊಂಡಿದ್ದವು, ಮೇಲೆ 1 ಮತ್ತು 2 ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು. ಒತ್ತಿದ ಡಬ್ಬಿ ಮತ್ತೆ ಅರಳಲು ಪ್ರಯತ್ನಿಸುವಾಗ ಉಂಟಾಗುವ ಸೆಳೆತವೇ ಗಾಯದೊಳಗಿನ ದ್ರವವನ್ನು ಹೊರಕ್ಕೆ ಎಳೆಯುತ್ತದೆ. ಇದಕ್ಕೆ ಕರೆಂಟು ಬೇಡ, ಮೋಟಾರು ಬೇಡ. ಡಬ್ಬಿ ಒತ್ತಿಕೊಂಡಿದೆಯೆಂದರೆ ಕೆಲಸ ಮಾಡುತ್ತಿದೆ ಎಂದರ್ಥ. ದ್ರವವಿಲ್ಲದೆಯೇ ಅದು ಅರಳಿ ನಿಂತಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ ಎಂದರ್ಥ. ಈ ಒಂದು ವಿಷಯವನ್ನು ವಾರ್ಡಿನ ಹಿರಿಯ ಸಿಸ್ಟರ್ ನನಗೆ ಮೊದಲ ದಿನವೇ ತೋರಿಸಿಕೊಟ್ಟಿದ್ದು ಮುಂದೆ ಬಹಳ ಉಪಕಾರವಾಯಿತು.

ಆಪರೇಷನ್ ಥಿಯೇಟರಿನಲ್ಲಿ ಶೇ. 0.25ರ ಬ್ಯುಪಿವಕೇನ್ ಒಟ್ಟು 40 ಮಿಲಿಲೀಟರನ್ನು (ಮಿಲಿ) ಎರಡು ಪೈಪುಗಳಿಗೂ ಸಮನಾಗಿ ಬಿಟ್ಟು, ಹತ್ತು ನಿಮಿಷ ಕ್ಲ್ಯಾಂಪ್ (ಪೈಪನ್ನು ಬಿಗಿದು ಮುಚ್ಚುವ ಕ್ಲಿಪ್ಪು) ಹಾಕಿಟ್ಟು, ಅನಂತರ ಸೆಳೆತಕ್ಕೆ ತೆರೆದಿದ್ದರೆಂದು ಕೇಸ್ ಶೀಟಿನಲ್ಲಿ ಬರೆದಿತ್ತು. ಔಷಧದ ಒಂದು ಭಾಗ ಮತ್ತೆ ಡಬ್ಬಿಗೇ ಬರುವುದರಿಂದ ಮೊದಲ ಸಲ ಅಳೆದ ದ್ರವವನ್ನು ಪೂರ್ತಿ ಗಾಯದ ದ್ರವವೆಂದು ಎಣಿಸಬಾರದು ಎಂದು ಸಿಸ್ಟರ್ ಪಕ್ಕದಲ್ಲಿ ಷರಾ ಬರೆದುಕೊಂಡರು. ರಾತ್ರಿ ಅರಿವಳಿಕೆ ವೈದ್ಯರು ಸ್ವತಃ ಬಂದು, ಕೈಗವಸು ಹಾಕಿಕೊಂಡು, ಪೈಪಿನ ಬಾಯಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಇನ್ನೊಂದು ಸಲ ಅದೇ ಔಷಧವನ್ನು ಕೊಟ್ಟರು. ಕ್ಲ್ಯಾಂಪ್ ಹಾಕಿಟ್ಟಷ್ಟು ಹೊತ್ತೂ ಅವರು ಮಂಚದ ಪಕ್ಕವೇ ನಿಂತಿದ್ದರು, ಮಾನಿಟರ್ ನೋಡುತ್ತಿದ್ದರು. ಸಿಸ್ಟರ್ ಮಾತ್ರ ಅತ್ತೆಯವರನ್ನು ಬಿಡದೆ ಮಾತನಾಡಿಸುತ್ತಿದ್ದರು: “ಅಜ್ಜಿ, ಬಾಯಿ ಸುತ್ತ ಜುಮ್ ಅಂತೈತೇನ್ರಿ? ಕಿವಿಯೊಳಗ ಗುಂಯ್ ಅಂತೈತೇನ್ರಿ?” ಔಷಧ ರಕ್ತದಲ್ಲಿ ಹೆಚ್ಚಾದರೆ ಮೊದಲು ಕಾಣುವ ಲಕ್ಷಣಗಳು ಇವೇ, ಬಾಯಲ್ಲಿ ಲೋಹದ ರುಚಿ ಬರುವುದೂ ಉಂಟು ಎಂದು ಅವರು ಆಮೇಲೆ ಹೇಳಿದರು. ಅತ್ತೆಯವರು ಕಣ್ಣು ಮುಚ್ಚಿಕೊಂಡೇ, “ಏನೂ ಇಲ್ಲವಾ, ನಿದ್ದಿ ಮಾಡಾಕ ಬಿಡ್ರಿ” ಎಂದರು. ಆ ರಾತ್ರಿ ಅವರು ನಿಜವಾಗಿಯೂ ನಿದ್ದೆ ಮಾಡಿದರು. ದೊಡ್ಡ ಶಸ್ತ್ರಚಿಕಿತ್ಸೆಯಾದ ರಾತ್ರಿ ನರಳದೆ ಮಲಗಿದ ಹಿರಿಯ ಜೀವವನ್ನು ನೋಡುವುದು ಎಂತಹ ನೆಮ್ಮದಿ ಎಂದು ನನಗೆ ಅಂದು ತಿಳಿಯಿತು.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಿಬಿಡುತ್ತೇನೆ. ಪೈಪಿನ ಮೂಲಕ ಔಷಧ ಬಿಡುವುದನ್ನು ಆಸ್ಪತ್ರೆಯಲ್ಲಿ ಕಂಡ ನಮ್ಮ ಸಂಬಂಧಿಕರೊಬ್ಬರು, ಮನೆಗೆ ಬಂದ ಮೇಲೆ ದ್ರವ ನಿಲ್ಲದಿದ್ದಾಗ, ಅದೇ ಪೈಪಿನಲ್ಲಿ ಸ್ವಲ್ಪ ಆ್ಯಂಟಿಬಯಾಟಿಕ್ ನೀರು ಬಿಟ್ಟು ತೊಳೆಯಬಹುದಲ್ಲವೇ ಎಂದು ಸಲಹೆ ಕೊಟ್ಟರು. ಅವರ ಕಾಳಜಿ ನಿಜವಾದದ್ದು, ಸಲಹೆ ಮಾತ್ರ ಬಹಳ ಅಪಾಯಕಾರಿ. ಮನೆಯಲ್ಲಿ ಆ ಪೈಪು ಹೊರಗೆ ಬರುವ ದಾರಿ ಮಾತ್ರ. ಒಳಕ್ಕೆ ಏನನ್ನೂ, ಕಾಯಿಸಿ ಆರಿಸಿದ ನೀರನ್ನೂ, ಬಿಡಬಾರದು. ಪೈಪು ಚರ್ಮದಿಂದ ಹೊರಬರುವ ಜಾಗಕ್ಕೆ ಅರಿಸಿನವನ್ನೂ ಹಚ್ಚಬಾರದು.

ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ದ್ರವ ಕೆಂಪಿನಿಂದ ತೆಳು ಗುಲಾಬಿಗೆ ತಿರುಗಿತು. ಎದೆಯ ಪೈಪಿನಲ್ಲಿ ಬರುವುದು ಬೇಗ ಕಡಿಮೆಯಾದ್ದರಿಂದ ಅದನ್ನು ಬಿಡುಗಡೆಗೆ ಮೊದಲೇ ತೆಗೆದರು. ಕಂಕುಳಿನ ಪೈಪು ಮಾತ್ರ ಉಳಿಯಿತು. ಗ್ರಂಥಿಗಳನ್ನು ತೆಗೆದಾಗ ದುಗ್ಧರಸದ ಸಣ್ಣ ಸಣ್ಣ ನಾಳಗಳು ತುಂಡಾಗಿರುತ್ತವೆ, ಅವು ಮುಚ್ಚಿಕೊಳ್ಳುವವರೆಗೆ ಅಲ್ಲಿ ರಸ ಜಿನುಗುತ್ತಲೇ ಇರುತ್ತದೆ. ಎಷ್ಟು ದಿನ ಎಂದು ನಾವು ಕೇಳಿದೆವು. 24 ಗಂಟೆಗೆ 30 ಮಿಲಿಗಿಂತ ಕಡಿಮೆ, ಅದೂ ಸತತ ಎರಡು ದಿನ ಬಂದರೆ ತೆಗೆಯುತ್ತೇವೆ ಎಂದು ಸರ್ಜನ್ ಉತ್ತರಿಸಿದರು. ಈ ಅಂಕಿ ವೈದ್ಯರಿಂದ ವೈದ್ಯರಿಗೆ ಸ್ವಲ್ಪ ಬೇರೆಯಾಗುತ್ತದೆ, ನಿಮ್ಮ ವೈದ್ಯರ ಅಂಕಿಯನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿಯೇ ಬರೆಸಿಕೊಳ್ಳಬೇಕು. ತಾರೀಖನ್ನು ನಂಬಿ ವಾಹನ ಗೊತ್ತು ಮಾಡಿ ಹುಬ್ಬಳ್ಳಿಗೆ ಹೋಗಿ, ಇನ್ನೂ ತೆಗೆಯುವಂತಿಲ್ಲ ಎಂದು ಕೇಳಿಸಿಕೊಂಡು ಹಿಂದಿರುಗಿದ ಎಷ್ಟೋ ಜನರನ್ನು ಹೊರರೋಗಿ ವಿಭಾಗದಲ್ಲಿ ನಾನು ಕಂಡೆ. ನಮ್ಮೂರಿಂದ ಹೋಗಿ ಬರಲು ಬಾಡಿಗೆ ಕಾರಿಗೆ ಸುಮಾರು 3,000 ರೂಪಾಯಿ ಆಗುತ್ತದೆ. ಬಸ್ಸಿನಲ್ಲಿ ಪೈಪು ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂಬ ಭಯ.

ಬಿಡುಗಡೆಯ ದಿನ ಬಹಳ ಗಡಿಬಿಡಿ ಇರುತ್ತದೆ. ಬಿಲ್ಲು, ಯೋಜನೆಯ ಸಹಿ, ಔಷಧದ ಚೀಟಿ, ಕಾಯುತ್ತಿರುವ ವಾಹನ, ಇವುಗಳ ನಡುವೆ ಡ್ರೈನ್ ಬಗ್ಗೆ ಎರಡು ನಿಮಿಷದಲ್ಲಿ ಬಾಯಿಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಸಿಸ್ಟರುಗಳಿಗೆ ನಲವತ್ತು ಮಂಚಗಳ ಕೆಲಸವಿರುವಾಗ ಅವರನ್ನು ದೂರಿ ಫಲವಿಲ್ಲ. ಆದ್ದರಿಂದ ಬಿಡುಗಡೆಯ ಹಿಂದಿನ ದಿನವೇ, ಸಿಸ್ಟರ್ ನೋಡುತ್ತಿರುವಾಗ, ಡಬ್ಬಿಯನ್ನು ನೀವೇ ಒಮ್ಮೆ ಖಾಲಿ ಮಾಡಿ ತೋರಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ನಾನು ಹಾಗೆ ಮಾಡಿದ್ದರಿಂದಲೇ ಮನೆಯಲ್ಲಿ ಕೈ ನಡುಗಲಿಲ್ಲ. ಕೆಲಸ ಇಷ್ಟೇ: ಸೋಪಿನಿಂದ ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಬೇಕು, ಮೊದಲು ಪೈಪಿನ ಕ್ಲ್ಯಾಂಪ್ ಮುಚ್ಚಬೇಕು, ಆಮೇಲೆ ಡಬ್ಬಿಯ ಮುಚ್ಚಳ ತೆರೆದು, ಬಾಯಿಗೆ ಬೆರಳು ತಾಗಿಸದೆ, ದ್ರವವನ್ನು ಅಳತೆಯ ಲೋಟಕ್ಕೆ ಬಗ್ಗಿಸಬೇಕು, ಡಬ್ಬಿಯನ್ನು ಪೂರ್ತಿ ಒತ್ತಿ ಹಿಡಿದುಕೊಂಡೇ ಮುಚ್ಚಳ ಹಾಕಬೇಕು, ಕೊನೆಗೆ ಕ್ಲ್ಯಾಂಪ್ ತೆರೆಯಬೇಕು. ಕ್ಲ್ಯಾಂಪ್ ತೆರೆಯಲು ಮರೆತರೆ ಮಾಡಿದ್ದೆಲ್ಲ ವ್ಯರ್ಥ, ದ್ರವ ಒಳಗೇ ನಿಲ್ಲುತ್ತದೆ. ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ ಏಳಕ್ಕೆ, ಅದೇ ಲೋಟದಲ್ಲಿ ಅಳೆದು, ಪ್ರಮಾಣವನ್ನೂ ಬಣ್ಣವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಹೊತ್ತು ಬದಲಾದರೆ 24 ಗಂಟೆಯ ಲೆಕ್ಕವೇ ತಪ್ಪುತ್ತದೆ.

ಮನೆಯಲ್ಲಿ ಎದುರಾದ ಮೊದಲ ಕಷ್ಟ ದ್ರವದ್ದಲ್ಲ, ಸಂಕೋಚದ್ದು. ಅತ್ತೆಯವರು ತಮ್ಮ ಮಗನನ್ನು ಆ ಹೊತ್ತಿನಲ್ಲಿ ಕೋಣೆಯೊಳಗೆ ಬಿಡಲು ಒಪ್ಪಲಿಲ್ಲ. “ಇದನ್ನ ನೀ ಒಬ್ಬಾಕಿನ ಮಾಡವಾ, ಅವನ್ನ ಒಳಗ ಬಿಡಬ್ಯಾಡ” ಎಂದರು. ನೋಡಲು ಬಂದ ಬಂಧುಗಳ ಎದುರು ಸೆರಗಿನ ಕೆಳಗೆ ಡಬ್ಬಿಯನ್ನು ಅಡಗಿಸಲು ಹೋಗಿ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಡಬ್ಬಿ ಯಾವಾಗಲೂ ಗಾಯಕ್ಕಿಂತ ಕೆಳಗಿರಬೇಕು. ಹಳೆಯ ಹತ್ತಿ ಸೀರೆಯ ತುಂಡಿನಿಂದ ಉದ್ದ ಪಟ್ಟಿಯ ಒಂದು ಚೀಲ ಹೊಲಿದು, ಬಲ ಹೆಗಲಿಗೆ ಹಾಕಿ, ಡಬ್ಬಿ ಎಡ ಸೊಂಟದ ಬಳಿ ನಿಲ್ಲುವಂತೆ ಮಾಡಿದೆ. ಮುಂದೆ ಗುಂಡಿಯಿರುವ ಸಡಿಲ ರವಿಕೆಗಳನ್ನು ಮೊದಲೇ ಹೊಲಿಸಿಟ್ಟುಕೊಳ್ಳುವುದು ಒಳ್ಳೆಯದು, ಕೈ ಎತ್ತಿ ತೊಡುವಂಥ ಯಾವ ಬಟ್ಟೆಯೂ ಆಗ ಆಗುವುದಿಲ್ಲ. ತಮ್ಮ ದೇಹದ ಒಂದು ಭಾಗ ಹೋದುದರ ಬಗ್ಗೆ ಅತ್ತೆಯವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಡಬ್ಬಿ ಖಾಲಿ ಮಾಡುವ ಆ ಕೆಲವು ನಿಮಿಷಗಳಲ್ಲಿ ಮದುವೆಯಾದ ಹೊಸತರ ಮಾತು, ಬಾಣಂತನದ ಮಾತು, ತಮ್ಮ ತಾಯಿಯ ಮಾತು, ಹಿಂದೆಂದೂ ನನ್ನೊಡನೆ ಆಡದ ಮಾತುಗಳನ್ನೆಲ್ಲ ಆಡಿದರು. ಅವಸರ ಮಾಡದೆ ಕೇಳಿದೆ.

ಮನೆಗೆ ಬಂದ ಕೆಲವೇ ದಿನಗಳಲ್ಲಿ ಒಂದು ರಾತ್ರಿ ಡಬ್ಬಿ ಒತ್ತಿದಷ್ಟೂ ಅರಳತೊಡಗಿತು. ಒಳಗೆ ದ್ರವ ಚಮಚದಷ್ಟೂ ಇರಲಿಲ್ಲ. ಪೈಪು ಹೊರಗೆ ಜಾರಿ ಅದರ ರಂಧ್ರ ಚರ್ಮದಿಂದ ಆಚೆ ಬಂದಿದ್ದರೂ ಹೀಗಾಗುತ್ತದೆ, ಆದರೆ ಪೈಪಿನ ಮೇಲಿನ ಗುರುತೂ ಹೊಲಿಗೆಯೂ ಇದ್ದಲ್ಲೇ ಇದ್ದವು. ಗಮನಿಸಿ ನೋಡಿದಾಗ ಡಬ್ಬಿಯ ಮುಚ್ಚಳದ ಬುಡದಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ವಾರ್ಡಿಗೆ ಫೋನ್ ಮಾಡಿದೆವು. ಮುಚ್ಚಳ ಹಾಕಿಯೇ ಇರಲಿ, ಕ್ಲ್ಯಾಂಪ್ ತೆರೆದೇ ಇರಲಿ, ಡಬ್ಬಿಯನ್ನು ಮಂಚದಿಂದ ಕೆಳಗೆ ತೂಗಬಿಡಿ, ಸೆಳೆತವಿಲ್ಲದಿದ್ದರೂ ಇಳಿಜಾರಿಗೆ ಸ್ವಲ್ಪ ಬರುತ್ತದೆ, ಬೆಳಿಗ್ಗೆ ಬದಲಿಸಿ ಎಂದರು. ಬೆಳಿಗ್ಗೆ ಔಷಧದಂಗಡಿಗಳಲ್ಲಿ ವಿಚಾರಿಸಿದರೆ ಅಂಥ ವಸ್ತುವನ್ನೇ ಇಡುವುದಿಲ್ಲ ಎಂದರು. ಕೊನೆಗೆ ಒಂದು ಸರ್ಜಿಕಲ್ಸ್ ಅಂಗಡಿಯಲ್ಲಿ 500 ರೂಪಾಯಿಯೊಳಗೆ ಹೊಸ ಸೆಟ್ ಸಿಕ್ಕಿತು. ಅದನ್ನು ಜೋಡಿಸಲು ಹತ್ತಿರದ ಕ್ಲಿನಿಕ್ಕಿನವರು, ತಾವು ಮಾಡದ ಆಪರೇಷನ್ನಿನ ಪೈಪನ್ನು ಮುಟ್ಟುವುದಿಲ್ಲ ಎಂದರು. ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ವೈದ್ಯರು ಸರದಿ ಬಂದ ಕೂಡಲೇ ಒಂದು ಮಾತೂ ಆಡದೆ ಕ್ರಿಮಿರಹಿತವಾಗಿ ಬದಲಿಸಿಕೊಟ್ಟರು, ಒಂದು ರೂಪಾಯಿಯೂ ಖರ್ಚಾಗಲಿಲ್ಲ. ದೂರದೂರಿನವರು ಬಿಡುಗಡೆಯ ಹೊತ್ತಿಗೆ ಬಳಸದ ಒಂದು ಹೆಚ್ಚುವರಿ ಡಬ್ಬಿಯನ್ನೂ, ಗಾಯವನ್ನು ಸ್ಥಳೀಯ ವೈದ್ಯರು ನೋಡಬಹುದೆಂದು ಎರಡು ಸಾಲಿನ ಪತ್ರವನ್ನೂ ಕೇಳಿ ಪಡೆದುಕೊಳ್ಳಿ. ಯೋಜನೆಯ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನಗಳ ಔಷಧ ಮತ್ತು ತಪಾಸಣೆಯೂ ಸೇರಿದೆ ಎಂಬುದನ್ನು ನೆನಪಿಟ್ಟುಕೊಂಡೇ ಕೇಳಿ.

ಎರಡನೆಯ ತೊಡಕು ಹೆಚ್ಚು ಮೋಸದ್ದು. ದಿನಕ್ಕೆ 70–80 ಮಿಲಿ ಬರುತ್ತಿದ್ದುದು ಒಂದು ದಿನ ಇದ್ದಕ್ಕಿದ್ದಂತೆ 10 ಮಿಲಿಗೆ ಇಳಿಯಿತು. ಮನೆಯವರೆಲ್ಲರಿಗೂ ಸಂತೋಷವಾಯಿತು. ಆದರೆ ಪೈಪಿನ ಸುತ್ತಲಿನ ಗಾಜ್ ಬಟ್ಟೆ ತೊಯ್ದಿತ್ತು, ಅತ್ತೆಯವರು ಕಂಕುಳಲ್ಲಿ ಬಿಗಿತವಾಗುತ್ತಿದೆ ಎನ್ನುತ್ತಿದ್ದರು. ಗಾಯ ಮಾಗಿ ದ್ರವ ಕಡಿಮೆಯಾದಾಗ ಅದು ದಿನದಿಂದ ದಿನಕ್ಕೆ ಮೆಲ್ಲಗೆ ಇಳಿಯುತ್ತದೆ, ಬಟ್ಟೆಯೂ ಒಣಗಿರುತ್ತದೆ. ಅಂಕಿ ಒಮ್ಮೆಲೇ ಬಿದ್ದು, ಬಟ್ಟೆ ಒದ್ದೆಯಾಗಿ, ಊತ ಕಂಡರೆ ಪೈಪು ಕಟ್ಟಿಕೊಂಡಿದೆ ಎಂದೇ ತಿಳಿಯಬೇಕು. ಸಿಸ್ಟರ್ ಕಲಿಸಿದಂತೆ ಚರ್ಮದ ಹತ್ತಿರ ಪೈಪನ್ನು ಒಂದು ಕೈಯಲ್ಲಿ ಅಲುಗದಂತೆ ಗಟ್ಟಿಯಾಗಿ ಹಿಡಿದು, ಸ್ಯಾನಿಟೈಸರ್ ಹಚ್ಚಿದ ಇನ್ನೊಂದು ಕೈಯ ಎರಡು ಬೆರಳುಗಳಿಂದ ಪೈಪನ್ನು ಒತ್ತುತ್ತ ಡಬ್ಬಿಯ ಕಡೆಗೆ ಜಾರಿಸಿದೆ. ಹಾಗೆ ಕೆಲವು ಸಲ ಮಾಡಿದ ಮೇಲೆ ಕಪ್ಪು ದಾರದಂಥ ಹೆಪ್ಪುಗಟ್ಟಿದ ರಕ್ತದ ಎಳೆ ಕೆಳಗಿಳಿಯಿತು, ಹಿಂದೆಯೇ ದ್ರವ ಹರಿಯಿತು. ಚರ್ಮದ ಬಳಿ ಹಿಡಿತ ತಪ್ಪಿದರೆ ಪೈಪೇ ಕಿತ್ತು ಬರುವ ಅಪಾಯವಿದೆ, ಆದ್ದರಿಂದ ತೋರಿಸಿಕೊಂಡು ಕಲಿಯದವರು ಇದನ್ನು ಮಾಡಬಾರದು. ಪೈಪು ಸ್ವಲ್ಪ ಹೊರಗೆ ಜಾರಿದರೆ ಒಳಕ್ಕೆ ತಳ್ಳಲೇಬಾರದು. ಕಡು ಕೆಂಪು ರಕ್ತ ಡಬ್ಬಿಯಲ್ಲಿ ಬೇಗ ಬೇಗ ತುಂಬಿದರೆ, ದ್ರವ ಕದಡಿ ವಾಸನೆ ಬಂದರೆ, ಜ್ವರ 101 ಡಿಗ್ರಿ ದಾಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ವ್ಯಾಯಾಮದ ವಿಷಯದಲ್ಲಿಯೂ ಬಂದವರೆಲ್ಲ ಒಂದೊಂದು ಮಾತು ಹೇಳಿದರು. ನಮ್ಮ ವೈದ್ಯರು ಮೊದಲ ದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈಗಳನ್ನು ಆಡಿಸಲು ಹೇಳಿ, ಹೆಗಲಿಗಿಂತ ಮೇಲೆ ಕೈಯೆತ್ತುವುದನ್ನು ಮಾತ್ರ ಕೆಲವು ದಿನ ತಡೆದರು. ಬೇಗನೆ ಹೆಗಲನ್ನು ಬಹಳ ಆಡಿಸಿದರೆ ದ್ರವ ಹೆಚ್ಚುತ್ತದೆ, ಆಡಿಸದೆಯೇ ಬಿಟ್ಟರೆ ಹೆಗಲು ಹಿಡಿದುಕೊಳ್ಳುತ್ತದೆ.

ನೋಟ್‌ಬುಕ್ಕಿನ ಅಂಕಿಗಳು ಕೊನೆಗೂ 60, 45, 35 ಎಂದು ಇಳಿದು, ಬಣ್ಣ ತೆಳು ಹಳದಿಗೆ ಬಂದು, 25 ಮತ್ತು 20 ಎಂದು ಎರಡು ದಿನ ಬಂದಾಗ ಆ ಪುಟದ ಫೋಟೋ ತೆಗೆದು ಆಸ್ಪತ್ರೆಗೆ ಕಳಿಸಿ, ಬರಬಹುದೆಂದು ಖಚಿತಪಡಿಸಿಕೊಂಡೇ ಹೊರಟೆವು. ಪೈಪು ತೆಗೆಯಲು ಅರಿವಳಿಕೆ ಬೇಕಾಗಲಿಲ್ಲ. ಸೆಳೆತ ಬಿಡಿಸಿ, ಹೊಲಿಗೆ ಕತ್ತರಿಸಿ, ಅತ್ತೆಯವರಿಗೆ ದೀರ್ಘವಾಗಿ ಉಸಿರೆಳೆದು ಬಿಡಲು ಹೇಳಿ ಒಂದೇ ಸಮನೆ ಎಳೆದರು. ಉರಿಯಿತು ಎಂದರು, ಅಷ್ಟೇ.

ಅಲ್ಲಿಗೆ ಮುಗಿಯಿತೆಂದು ನಾವು ತಿಳಿದಿದ್ದೆವು. ಮುಂದಿನ ವಾರ ಕಂಕುಳಿನ ಕೆಳಗೆ ಮೆತ್ತನೆಯ ಊತ ಬಂದು, ಒತ್ತಿದರೆ ನೀರು ಅಲುಗಿದಂತಾಗುತ್ತಿತ್ತು. ಜ್ವರವಿರಲಿಲ್ಲ, ಚರ್ಮ ಕೆಂಪಾಗಿರಲಿಲ್ಲ. ಇದಕ್ಕೆ ಸೀರೋಮಾ ಎನ್ನುತ್ತಾರೆ, ಪೈಪು ತೆಗೆದ ಮೇಲೂ ಜಿನುಗುವ ರಸ ಒಳಗೆ ನಿಲ್ಲುವುದರಿಂದ ಆಗುತ್ತದೆ, ಈ ಶಸ್ತ್ರಚಿಕಿತ್ಸೆಯ ನಂತರ ಬಹಳ ಸಾಮಾನ್ಯ. ಕ್ಯಾನ್ಸರ್ ಮತ್ತೆ ಬಂತೆಂದು ಅತ್ತೆಯವರು ಎರಡು ಹೊತ್ತು ಊಟ ಬಿಟ್ಟರು. ಇದನ್ನು ಪೈಪು ತೆಗೆಯುವಾಗಲೇ ಯಾರಾದರೂ ಹೇಳಿದ್ದರೆ ಆ ಸಂಕಟ ತಪ್ಪುತ್ತಿತ್ತು ಎಂದು ಈಗಲೂ ನನಗೆ ನೋವಾಗುತ್ತದೆ. ಸರ್ಜನ್ ಚರ್ಮವನ್ನು ಶುಚಿಗೊಳಿಸಿ ಸೂಜಿ ಸಿರಿಂಜಿನಿಂದ ದ್ರವ ಎಳೆದರು. ಶಸ್ತ್ರಚಿಕಿತ್ಸೆಯಿಂದಾಗಿ ಆ ಭಾಗದ ಚರ್ಮಕ್ಕೆ ಸ್ಪರ್ಶ ಕಡಿಮೆಯಾಗಿರುವುದರಿಂದ ಸೂಜಿ ಚುಚ್ಚಿದ್ದು ಅತ್ತೆಯವರಿಗೆ ಗೊತ್ತೇ ಆಗಲಿಲ್ಲ. ಹೊರಬಂದ ದ್ರವ ತಿಳಿಯಾಗಿತ್ತು. ಮತ್ತೊಮ್ಮೆ ತುಂಬಿತು, ಮತ್ತೊಮ್ಮೆ ಎಳೆದರು, ಆಮೇಲೆ ಬಿಗಿಯಾದ ಬಟ್ಟೆಪಟ್ಟಿಯ ಕೆಳಗೆ ಚರ್ಮ ಅಂಟಿಕೊಂಡಿತು.

ಸೋಮವಾರ ಮೊದಲ ಕಿಮೋಥೆರಪಿ. ಎಡಗೈಯಲ್ಲಿ ರಕ್ತ ತೆಗೆಯಬಾರದು, ಡ್ರಿಪ್ ಹಾಕಬಾರದು, ಬಿಪಿ ನೋಡಬಾರದು ಎಂದು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದಿರುವುದನ್ನು ಹೊಸ ವಾರ್ಡಿನವರಿಗೆ ಮೊದಲೇ ತೋರಿಸಬೇಕು. ನೋಟ್‌ಬುಕ್ಕನ್ನೂ ಫೈಲಿನೊಳಗೆ ಇಟ್ಟಿದ್ದೇನೆ, ಜ್ವರ ಮತ್ತು ತೂಕ ಬರೆಯಲು ಅದರಲ್ಲಿ ಇನ್ನೂ ಬೇಕಾದಷ್ಟು ಹಾಳೆಗಳಿವೆ.